ನಾಲಿಗೆಗಲ್ಲುಗಳ ಚರಿತ್ರೆ

ಅಕ್ಕಿಯಲ್ಲಿ ಬೆರೆತ ಕಲ್ಲನ್ನು ಆರಿಸುವವರಿಗೆ ಅಕ್ಕಿ ಯಾವುದು, ಕಲ್ಲು ಯಾವುದು ಎಂಬುದು ಮೊದಲೇ ತಿಳಿದಿರುತ್ತದೆ. ಆದುದರಿಂದ ಆ ಕೆಲಸಕ್ಕೆ ಬೇಕಾದುದು ಕಣ್ಣು ಮತ್ತು ತಾಳ್ಮೆ, ಇವೆರಡೇ. ಆದರೆ ರಾಶಿಯಲ್ಲಿರುವ ವಸ್ತುಗಳ ಒಡೆಯರು ಭೂಮಿಯಿಂದಲೇ ಅಳಿದುಹೋಗಿ, ಅವರನ್ನು ಕಂಡ ಮನುಷ್ಯನೇ ಇಲ್ಲದಿದ್ದರೆ, ಆ ರಾಶಿಯನ್ನು ವಿಂಗಡಿಸುವುದು ಹೇಗೆ? ಅಂಥ ಒಂದು ರಾಶಿಯ ವಿಚಾರವನ್ನೂ, ಅದನ್ನು ವಿಂಗಡಿಸಲು ಮನುಷ್ಯನು ಕಲಿತ ಬಗೆಯನ್ನೂ ಇಂದು ನಾವು ಶ್ರೋತೃಗಳ ಮುಂದಿಡಲು ಬಯಸುತ್ತೇವೆ.

ಆಫ್ರಿಕಾ ಖಂಡದ ವಾಯವ್ಯ ಮೂಲೆಯಲ್ಲಿರುವ ಮೊರಾಕೋ ದೇಶದಲ್ಲಿ ಖುರಿಬ್ಗಾ ಎಂಬ ಊರಿದೆ. ಗೊಬ್ಬರಕ್ಕೆ ಉಪಯುಕ್ತವಾದ ಫಾಸ್ಫೇಟ್ ಎಂಬ ಖನಿಜವನ್ನು ಅಲ್ಲಿ ೧೯೨೧ರಿಂದ ಅಗೆದು ತೆಗೆಯುತ್ತಿದ್ದಾರೆ. ಈ ಗಣಿಗಳ ಮಣ್ಣು ಒಂದಾನೊಂದು ಕಾಲದಲ್ಲಿ ಸಮುದ್ರದ ತಳವಾಗಿದ್ದಿತು. ಅದರಲ್ಲಿ ಶಾರ್ಕ್ ಮೀನುಗಳ ಹಲ್ಲುಗಳು ಲೆಕ್ಕವಿಲ್ಲದಷ್ಟು ಹುದುಗಿವೆ. ಅವುಗಳನ್ನು ಆರಿಸಿದ ಜನರು ವರ್ತಕರಿಗೆ ತೂಕದ ಮೇಲೆ ಮಾರುತ್ತಾರೆ. ವರ್ತಕರು ಚೀಲಗಳಲ್ಲಿ ತುಂಬಿ ದೇಶಾಂತರಗಳಿಗೆ ಕಳುಹಿಸುತ್ತಾರೆ. ಹೀಗೆ ಬಂದ ಒಂದು ಚೀಲವನ್ನು ಮೇಜಿನ ಮೇಲೆ ಸುರಿದರೆ, ಬೆರಳುಗುರಿನಷ್ಟು ಸಣ್ಣವು, ಅಂಗೈಯ ಅರ್ಧದಷ್ಟು ದೊಡ್ಡವು, ದಬ್ಬಳದಂತೆ ಚೂಪಾದವು, ಗರಗಸದಂತೆ ಹಲ್ಲು ಹಲ್ಲಾದ ಅಂಚುಳ್ಳವು, ಮುರಿದವು, ಸವೆದವು, ಎಲ್ಲವೂ ಒಟ್ಟಾಗಿ ಬೀಳುತ್ತವೆ. ಇವುಗಳಲ್ಲಿ ಯಾವುದು ಯಾವ ಮೀನಿನದು?

ಇಲ್ಲಿ ಒಂದು ಸಂಗತಿಯನ್ನು ಮೊದಲು ಹೇಳಬೇಕು. ನಮ್ಮ ಕರಾವಳಿಯ ಬೆಸ್ತರು ತಾಟೆ ಎಂದು ಕರೆಯುವ ಈ ಶಾರ್ಕ್ ಮೀನಿಗೆ ಇತರ ಮೀನುಗಳಿಗಿರುವಂತೆ ಗಟ್ಟಿಯಾದ ಎಲುಬಿಲ್ಲ. ಅದರ ಅಸ್ಥಿಪಂಜರವೆಲ್ಲವೂ ನಮ್ಮ ಮೂಗಿನ ತುದಿಯಲ್ಲಿಯೂ ಕಿವಿಯಲ್ಲಿಯೂ ಇರುವಂಥ ಮೃದ್ವಸ್ಥಿಯಿಂದಾದುದು. ಮೀನು ಸತ್ತೊಡನೆ ಅದು ಕೊಳೆತು ಕರಗಿಹೋಗುತ್ತದೆ. ಹಲ್ಲುಗಳಾದರೋ ಬಹು ಗಟ್ಟಿ; ಮೇಲಾಗಿ ಅವು ದವಡೆಯ ಗುಳಿಯಲ್ಲಿ ನಾಟಿಕೊಂಡಿರದೆ ಒಸಡಿನ ಚರ್ಮಕ್ಕೆ ಅಂಟಿಕೊಂಡಿರುತ್ತವೆ. ಮುಂದಿನ ಸಾಲಿನ ಹಲ್ಲು ಉದುರಿದರೆ ಹಿಂದಿನ ಸಾಲಿನದು ಮುಂದೆ ಬಂದು ಅದರ ಸ್ಥಾನವನ್ನು ಹಿಡಿಯುತ್ತದೆ. ಹೀಗೆ ಒಂದು ಶಾರ್ಕ್ ತನ್ನ ಜೀವಮಾನದಲ್ಲಿ ಸಾವಿರಾರು ಹಲ್ಲುಗಳನ್ನು ಸಮುದ್ರದ ತಳಕ್ಕೆ ಬೀಳಿಸುತ್ತದೆ. ದೇಹವು ಉಳಿಯದು, ಹಲ್ಲು ಉಳಿಯುವುದು. ನಮ್ಮ ಕಷ್ಟಕ್ಕೆಲ್ಲ ಇದೇ ಮೂಲ.

ಈ ಹಲ್ಲುಗಳನ್ನು ಪ್ರಾಚೀನರು ಹಲ್ಲೆಂದು ತಿಳಿಯಲಿಲ್ಲ. ಕ್ರಿಸ್ತಶಕ ೭೯ರಲ್ಲಿ ಮಡಿದ ರೋಮಿನ ಪ್ಲಿನಿ ಎಂಬ ಪಂಡಿತನು ತನ್ನ ನಿಸರ್ಗಚರಿತ್ರೆಯ ಗ್ರಂಥದಲ್ಲಿ, ಮನುಷ್ಯನ ನಾಲಿಗೆಯನ್ನು ಹೋಲುವ ಒಂದು ಕಲ್ಲನ್ನು ಕುರಿತು ಬರೆದಿದ್ದಾನೆ. ಚಂದ್ರನು ಕ್ಷೀಣಿಸಿದಾಗ ಅದು ಆಕಾಶದಿಂದ ಬೀಳುತ್ತದೆಂದು ಜನರು ಹೇಳುತ್ತಿದ್ದರಂತೆ. ಪ್ಲಿನಿಗೆ ಅದರಲ್ಲಿ ಅಷ್ಟು ನಂಬಿಕೆಯಿರಲಿಲ್ಲ. ಗ್ರೀಕ್ ಭಾಷೆಯಿಂದ ಬಂದ ಗ್ಲಾಸೊಪೆಟ್ರಾ, ಎಂದರೆ ನಾಲಿಗೆಗಲ್ಲು, ಎಂಬ ಹೆಸರು ಮುಂದೆ ಸಾವಿರದೈನೂರು ವರ್ಷಗಳವರೆಗೆ ಯೂರೋಪಿನಲ್ಲಿ ನಿಂತಿತು.

ಈ ಕಲ್ಲುಗಳು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಹೇರಳವಾಗಿ ದೊರೆಯುತ್ತಿದ್ದುವು. ಆ ದ್ವೀಪದ ಜನರಿಗೆ ಇವು ಸರ್ಪಗಳ ನಾಲಿಗೆಗಳು. ಸಂತ ಪಾಲನು ಹಡಗು ಒಡೆದು ಮಾಲ್ಟಾದ ದಡಕ್ಕೆ ಬಂದಾಗ ಅವನ ಕೈಯನ್ನು ವಿಷಸರ್ಪವೊಂದು ಕಚ್ಚಿತೆಂದೂ, ಅವನಿಗೆ ಯಾವ ಹಾನಿಯೂ ಆಗಲಿಲ್ಲವೆಂದೂ ಕ್ರೈಸ್ತರ ಧರ್ಮಗ್ರಂಥದಲ್ಲಿ ಹೇಳಿದೆ. ಅಂದು ಸಂತನ ಶಾಪದಿಂದ ದ್ವೀಪದ ಹಾವುಗಳ ವಿಷವು ಹೋಗಿ ನಾಲಿಗೆಗಳು ಕಲ್ಲಾದುವೆಂಬ ಐತಿಹ್ಯವು ಅದಕ್ಕೆ ಕೂಡಿಕೊಂಡಿತು. ಹಾವಿನ ನಾಲಿಗೆಯೇ ಕಲ್ಲಾದ ಮೇಲೆ ಆ ಕಲ್ಲು ವಿಷಹರವಾಗಿರಲೇಬೇಕಲ್ಲವೆ? ಊಟದಲ್ಲಿ ವಿಷವಿಕ್ಕುವರೆಂಬ ಭಯದಿಂದ ನಡುಗುತ್ತಿದ್ದ ಮಧ್ಯಯುಗದ ಅರಸರು ನಾಲಿಗೆಗಲ್ಲುಗಳನ್ನು ಬೆಳ್ಳಿಯ ಚಿಕ್ಕ ಮರಗಳ ಕೊಂಬೆಗಳಿಗೆ ತೂಗಹಾಕಿ ಭೋಜನದ ಮೇಜಿನ ಮೇಲೆ ಇರಿಸಿಕೊಂಡರು. ಅಂಥ ಮರವೊಂದು ಇಂದಿಗೂ ವಿಯೆನ್ನಾ ನಗರದಲ್ಲಿ ಭದ್ರವಾಗಿದೆ. ಅರಸನ ಪ್ರಾಣಕ್ಕೆ ಕಾವಲಾಗಿ ನಿಂತದ್ದು ಎಂದೋ ಅಳಿದ ಮೀನಿನ ಹಲ್ಲು ಎಂಬುದು ಆತನ ಸಭೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹದಿನಾರನೆಯ ಶತಮಾನದಲ್ಲಿ ಕೆಲವರು ಕಲ್ಲನ್ನು ಪುಸ್ತಕದೊಡನೆ ಹೋಲಿಸುವುದನ್ನು ಬಿಟ್ಟು ಮೀನಿನೊಡನೆ ಹೋಲಿಸತೊಡಗಿದರು. ಫ್ರಾನ್ಸಿನ ಮಾಂಪೆಲಿಯೇ ನಗರದ ವೈದ್ಯನಾದ ರಾಂಡೆಲೆ ಎಂಬಾತನು ೧೫೫೪ರಲ್ಲಿ ಮೀನುಗಳನ್ನು ಕುರಿತು ಅಚ್ಚು ಹಾಕಿಸಿದ ಗ್ರಂಥದಲ್ಲಿ ಈ ಸಾದೃಶ್ಯವನ್ನು ಎತ್ತಿ ಹೇಳಿದನು. ೧೬೧೬ರಲ್ಲಿ ನೇಪಲ್ಸಿನ ಫಾಬಿಯೋ ಕೊಲೊನ್ನಾ ಎಂಬ ಸಸ್ಯಶಾಸ್ತ್ರಜ್ಞನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಕಲ್ಲುಗಳನ್ನು ಬೆಂಕಿಗಿಟ್ಟು ನೋಡಿದನು. ಕಲ್ಲಾಗಿದ್ದರೆ ಅದು ನೇರವಾಗಿ ಸುಣ್ಣವಾಗಬೇಕಾಗಿದ್ದಿತು. ಹಾಗಾಗದೆ ಅದು ಎಲುಬಿನಂತೆ ಮೊದಲು ಕಪ್ಪಾಗಿ ಕರಿಯಾಯಿತು. ಇಷ್ಟಾದರೂ ವಾದವು ನಿಲ್ಲಲಿಲ್ಲ. ಭೂಮಿಯಲ್ಲಿಯೇ ಒಂದು ಸೃಜನಶಕ್ತಿಯಿದೆ, ಅದು ಪ್ರಾಣಿಗಳ ಅಂಗಗಳನ್ನು ಹೋಲುವ ಕಲ್ಲುಗಳನ್ನು ವಿನೋದಕ್ಕೋ ಎಂಬಂತೆ ರೂಪಿಸುತ್ತದೆ ಎಂದು ದೊಡ್ಡ ದೊಡ್ಡ ವಿದ್ವಾಂಸರೇ ಹೇಳುತ್ತಿದ್ದರು. ಸಮುದ್ರದಿಂದ ಎಷ್ಟೋ ದೂರದ ಬೆಟ್ಟದ ಬಂಡೆಯೊಳಗೆ ಮೀನಿನ ಹಲ್ಲು ಹೇಗೆ ಸೇರೀತು ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯೂ ತಳ್ಳಿಹಾಕತಕ್ಕದ್ದಲ್ಲ.

೧೬೬೬ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಇಟಲಿಯ ಲಿವೋರ್ನೋ ಬಂದರಿನ ಬಳಿ ಬೆಸ್ತರು ಭಾರಿಯಾದ ಶಾರ್ಕ್ ಒಂದನ್ನು ಹಿಡಿದರು. ಅದರ ತಲೆಯನ್ನು ಫ್ಲಾರೆನ್ಸಿಗೆ ತರಬೇಕೆಂದು ಟಸ್ಕನಿಯ ಅಧಿಪತಿಯಾದ ಎರಡನೆಯ ಫರ್ಡಿನ್ಯಾಂಡೋ ಮೆಡಿಚಿಯು ಆಜ್ಞಾಪಿಸಿದನು. ಆತನ ಆಶ್ರಯದಲ್ಲಿ ನೀಲ್ಸ್ ಸ್ಟೀನೋ ಎಂಬ ಡೆನ್ಮಾರ್ಕ್ ದೇಶದ ಅಂಗಚ್ಛೇದನಶಾಸ್ತ್ರಜ್ಞನಿದ್ದನು. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ತಲೆಯನ್ನು ಕೊಯ್ದು ಪರೀಕ್ಷಿಸುವ ಕೆಲಸವು ಅವನಿಗೆ ಒಪ್ಪಿಸಲ್ಪಟ್ಟಿತು. ಮರುವರ್ಷ ಪ್ರಕಟವಾದ ಅವನ ವರದಿಯಲ್ಲಿ ಮಾಂಸಖಂಡ, ಕಣ್ಣು, ಮೆದುಳು ಇವುಗಳ ವಿವರವಿದೆ. ಅದರೊಡನೆ ಹಲ್ಲುಗಳ ಮತ್ತು ನಾಲಿಗೆಗಲ್ಲುಗಳ ವಿಚಾರವೂ ಬಂದಿದೆ.

ಸ್ಟೀನೋವಿನ ಹೆಚ್ಚುಗಾರಿಕೆಯು ಎರಡೂ ಒಂದೇ ಆಕಾರದವೆಂದು ಹೇಳಿದುದರಲ್ಲಿಲ್ಲ. ಅದನ್ನು ಹಿಂದಿನವರೂ ಹೇಳಿದ್ದರು. ಬಂಡೆಯೊಳಗೆ ಹಲ್ಲು ಹೇಗೆ ಬಂತೆಂಬ ಪ್ರಶ್ನೆಗೆ ಅವನು ಎದುರಾಗಿ ನಿಂತನು. ಬಂಡೆಯ ಸಂದಿನಲ್ಲಿ ಬೆಳೆದ ಮರದ ಬೇರು ಸಂದಿನಂತೆ ಸೊಟ್ಟಗಾಗುತ್ತದೆ. ನಾಲಿಗೆಗಲ್ಲು ಬಂಡೆಯೊಳಗೆ ಬೆಳೆಯುವುದಾದರೆ ಅದೂ ಸೊಟ್ಟಗಾಗಬೇಕು, ಇಲ್ಲವೆ ಬಂಡೆಯು ಬಿರಿಯಬೇಕು. ಆದರೆ ಗಟ್ಟಿಯಾದ ಬಂಡೆಯಲ್ಲಿಯೂ ಮೆತುವಾದ ಮಣ್ಣಿನಲ್ಲಿಯೂ ಅವುಗಳ ಆಕಾರವು ಒಂದೇ. ಆದುದರಿಂದ ಬಂಡೆಯು ಇನ್ನೂ ಕೆಸರಾಗಿದ್ದಾಗಲೇ ಹಲ್ಲು ಗಟ್ಟಿಯಾಗಿದ್ದಿರಬೇಕು. ನೀರಿನಲ್ಲಿ ಬಿದ್ದ ಹಲ್ಲಿನ ಸುತ್ತಲೂ ಕೆಸರು ನೆಲೆನಿಂತು ಕಾಲಕ್ರಮದಲ್ಲಿ ಬಂಡೆಯಾಗಿರಬೇಕು. ಇದನ್ನು ಅವನು ತೀರ್ಪೆಂದು ಸಾರದೆ ಊಹೆಗಳೆಂದೇ ಕ್ರಮವಾಗಿ ಮಂಡಿಸಿದನು. ಎರಡು ವರ್ಷಗಳ ಮೇಲೆ, ೧೬೬೯ರಲ್ಲಿ, ಈ ವಿಚಾರಸರಣಿಯನ್ನೇ ಬೆಳೆಸಿ, ಭೂಮಿಯ ಪದರಗಳಲ್ಲಿ ಕೆಳಗಿನದು ಮೊದಲಿನದು, ಮೇಲಿನದು ಆಮೇಲಿನದು ಎಂಬ ನಿಯಮವನ್ನು ಹೊರಗೆಡಹಿದನು. ಭೂಗರ್ಭಶಾಸ್ತ್ರದ ಬುನಾದಿಯ ಕಲ್ಲುಗಳಲ್ಲಿ ಇದೊಂದು. ಒಂದು ಹಲ್ಲಿನ ಒಗಟನ್ನು ಬಿಡಿಸಹೋಗಿ ಮನುಷ್ಯನಿಗೆ ಭೂಮಿಯ ಕಾಲಗಣನೆಯ ಬೀಗದ ಕೈ ದೊರೆಯಿತು.

ಅದೇ ಕಾಲದಲ್ಲಿ ಸಿಸಿಲಿ ದ್ವೀಪದ ಅಗಸ್ಟೀನೋ ಸ್ಕಿಲ್ಲಾ ಎಂಬ ಚಿತ್ರಕಾರನು ೧೬೭೦ರಲ್ಲಿ ಒಂದು ಗ್ರಂಥವನ್ನು ಬರೆದು, ಶಾಸ್ತ್ರದ ಊಹಾಪೋಹಕ್ಕಿಂತ ಕಣ್ಣಿನ ಸಾಕ್ಷ್ಯವೇ ಮೇಲೆಂದು ವಾದಿಸಿದನು. ಹಲ್ಲು, ಚಿಪ್ಪು ಮುಂತಾದವುಗಳನ್ನು ತಾನೇ ಬರೆದ ಚಿತ್ರಗಳಲ್ಲಿ ತೋರಿಸಿದನು. ಅವನ ಸಂಗ್ರಹವನ್ನು ಜಾನ್ ವುಡ್‌ವರ್ಡ್ ಎಂಬ ಇಂಗ್ಲಿಷ್ ವೈದ್ಯನು ಕೊಂಡುಕೊಂಡನು. ಅದು ಈಗಲೂ ಕೇಂಬ್ರಿಡ್ಜಿನ ಸೆಜ್ವಿಕ್ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರವನ್ನು ನೋಡಿ ಸಂದೇಹಪಟ್ಟವನು ವಸ್ತುವನ್ನೇ ನೋಡಬಹುದು.

ಇಲ್ಲಿಗೆ ಮೊದಲನೆಯ ವಿಂಗಡಣೆ ಮುಗಿಯಿತು: ನಾಲಿಗೆಗಲ್ಲು ಎಂಬುದು ಕಲ್ಲಲ್ಲ, ಹಲ್ಲು. ಇನ್ನು ಯಾವ ಶಾರ್ಕಿನ ಹಲ್ಲು ಎಂಬುದು ಎರಡನೆಯ ಪ್ರಶ್ನೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡವನು ಸ್ವಿಟ್ಜರ್‌ಲೆಂಡಿನ ಲೂಯಿ ಅಗಾಸಿಸ್. ೧೮೩೩ರಿಂದ ೧೮೪೩ರವರೆಗೆ ಐದು ಸಂಪುಟಗಳಲ್ಲಿ ಅವನು ಪ್ರಕಟಿಸಿದ ಮೀನುಗಳ ಪಳೆಯುಳಿಕೆಗಳ ಗ್ರಂಥವು ಇಂದಿಗೂ ಆ ಶಾಸ್ತ್ರದ ಮೂಲಗ್ರಂಥವಾಗಿದೆ. ಅಂಗೈಯನ್ನು ಮೀರುವ ಹಲ್ಲಿನ ಮಹಾಶಾರ್ಕಿಗೆ ಮೆಗಲೋಡಾನ್, ಎಂದರೆ ಮಹಾದಂತ, ಎಂಬ ಹೆಸರಿಟ್ಟವನು ಇವನೇ. ಆದರೆ ಅವನ ಮುಂದಿದ್ದುದೂ ಬಿಡಿಹಲ್ಲುಗಳ ರಾಶಿಯೇ. ಅಗಲವಾದ ಹಲ್ಲಿಗೊಂದು, ನೀಳವಾದುದಕ್ಕೊಂದು, ನೆಟ್ಟಗಿನದಕ್ಕೊಂದು, ಓರೆಯಾದುದಕ್ಕೊಂದು ಹೀಗೆ ಹೆಸರುಗಳು ಬೆಳೆದುವು. ಮೆಗಲೋಡಾನಿನ ಹಲ್ಲುಗಳಿಗೇ ಅವನು ರೆಕ್ಟಿಡೆನ್ಸ್, ಪ್ರೊಡಕ್ಟಸ್, ಪಾಲಿಗೈರಸ್ ಮುಂತಾದ ಬೇರೆ ಹೆಸರುಗಳನ್ನು ಕೊಟ್ಟಿದ್ದನೆಂದು ಮುಂದಿನವರು ಕಂಡುಕೊಂಡರು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಬಾಯಲ್ಲಿಯೇ ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಎಂಬ ಭೇದಗಳಿವೆ. ಮನುಷ್ಯನನ್ನೇ ಕಾಣದವನೊಬ್ಬನು ಈ ಮೂರನ್ನು ಮೂರು ಕಡೆ ಹೆಕ್ಕಿದರೆ ಮೂರು ಪ್ರಾಣಿಗಳನ್ನು ಕಲ್ಪಿಸಿಯಾನು. ಶಾರ್ಕುಗಳಲ್ಲಿಯೂ ಹಾಗೆಯೇ. ಹೆಮಿಪ್ರಿಸ್ಟಿಸ್ ಎಂಬ ಕುಲದ ಮೀನು ಹಿಂದೂ ಮಹಾಸಾಗರದಲ್ಲಿ ಇಂದಿಗೂ ಜೀವಿಸಿದೆ. ಅದರ ಮೇಲಿನ ದವಡೆಯ ಹಲ್ಲು ಅಗಲವಾದ, ಹಿಂದಕ್ಕೆ ಬಾಗಿದ, ಒರಟಾದ ಗರಗಸದ ಅಂಚುಳ್ಳ ತ್ರಿಕೋಣ; ಕೆಳದವಡೆಯ ಮುಂಭಾಗದ ಹಲ್ಲು ಕಿರಿದಾದ ಕೊಕ್ಕೆ. ಮೇಲಿನದು ಕತ್ತರಿಸಲು, ಕೆಳಗಿನದು ಚುಚ್ಚಿ ಹಿಡಿಯಲು. ಎರಡನ್ನೂ ಬಿಡಿಯಾಗಿ ಕಂಡವನು ಇವು ಒಂದೇ ಬಾಯಿನವೆಂದು ಊಹಿಸಲಾರನು.

ಈ ತೊಡಕನ್ನು ಬಿಡಿಸಿದ್ದು ಅಮೆರಿಕದ ಕಾನ್ಸಾಸ್ ಸಂಸ್ಥಾನದಲ್ಲಿ ದೊರೆತ ಒಂದು ಅವಶೇಷ. ಚಾರ್ಲ್ಸ್ ಸ್ಟರ್ನ್‌ಬರ್ಗ್ ಎಂಬ ಸಂಗ್ರಾಹಕನು ೧೮೯೦ರಲ್ಲಿ ಅಲ್ಲಿಯ ಸೀಮೆಸುಣ್ಣದ ಪದರಗಳಲ್ಲಿ ಒಂದೇ ಶಾರ್ಕಿನ ಬೆನ್ನೆಲುಬಿನ ಬಹುಭಾಗವನ್ನೂ ಅದರೊಡನೆ ಇನ್ನೂರೈವತ್ತಕ್ಕೂ ಹೆಚ್ಚು ಹಲ್ಲುಗಳನ್ನೂ ಕಂಡನು. ಅಲ್ಲಿ ಮೃದ್ವಸ್ಥಿಯಲ್ಲಿ ಸುಣ್ಣ ತುಂಬಿ ಗಟ್ಟಿಯಾಗಿದ್ದುದರಿಂದ ಅದು ಅಪೂರ್ವವಾಗಿ ಉಳಿದಿತ್ತು. ಚಾರ್ಲ್ಸ್ ಈಸ್ಟ್‌ಮನ್ ಎಂಬ ಪಂಡಿತನು ೧೮೯೪ರಲ್ಲಿ ಆ ಹಲ್ಲುಗಳನ್ನು ಮತ್ತೆ ಸಾಲುಗೂಡಿಸಿ ದವಡೆಯನ್ನು ರಚಿಸಿ ನೋಡಿದಾಗ, ಬೇರೆ ಬೇರೆ ಮೀನುಗಳೆಂದು ಹೆಸರು ಪಡೆದಿದ್ದ ಎಷ್ಟೋ ಹಲ್ಲುಗಳು ಆ ಒಂದೇ ಬಾಯಿಯ ಬೇರೆ ಬೇರೆ ಸ್ಥಾನಗಳವೆಂದು ಕಂಡುಬಂದಿತು. ಒಂದು ದವಡೆಯು ಹತ್ತಾರು ಹೆಸರುಗಳನ್ನು ನುಂಗಿತು. ಅಂದಿನಿಂದ ಹಲ್ಲನ್ನು ಕೈಗೆತ್ತಿಕೊಂಡವನು ಇದು ಯಾವ ಮೀನು ಎಂದು ಕೇಳುವುದಕ್ಕೆ ಮೊದಲು ಇದು ಬಾಯಿನ ಯಾವ ಸ್ಥಾನ ಎಂದು ಕೇಳಬೇಕಾಯಿತು.

ಈ ಕ್ರಮದಿಂದ ದೊಡ್ಡ ವಾದಗಳೂ ಇತ್ಯರ್ಥವಾಗಿವೆ. ಮೆಗಲೋಡಾನಿನ ಹಲ್ಲಿಗೂ ಇಂದಿನ ಬಿಳಿಯ ಮಹಾಶಾರ್ಕಿನ ಹಲ್ಲಿಗೂ ಗರಗಸದ ಅಂಚಿರುವುದರಿಂದ ಅಗಾಸಿಸ್ ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದ್ದನು. ಪೆರು ದೇಶದ ಮರುಭೂಮಿಯಲ್ಲಿ ಇನ್ನೂರ ಇಪ್ಪತ್ತೆರಡು ಹಲ್ಲುಗಳು ಸ್ವಸ್ಥಾನದಲ್ಲಿಯೇ ಉಳಿದಿದ್ದ ದವಡೆಯೊಂದು ದೊರೆತು, ೨೦೧೨ರಲ್ಲಿ ಅದಕ್ಕೆ ಹೊಸ ಹೆಸರು ಬಂದಿತು. ಅದರ ಹಲ್ಲುಗಳಲ್ಲಿ ಗರಗಸವು ಇನ್ನೂ ಅರ್ಧ ಮೂಡಿದೆ. ಬಿಳಿಯ ಶಾರ್ಕಿನ ಪೂರ್ವಜರು ನುಣುಪಾದ ಅಂಚಿನ ಹಲ್ಲುಳ್ಳ ಬೇರೊಂದು ವಂಶದವರೆಂದು ಅದರಿಂದ ದೃಢಪಟ್ಟಿತು. ಇಬ್ಬರು ಬಡಗಿಗಳ ಕೈಯಲ್ಲಿ ಗರಗಸವಿದ್ದ ಮಾತ್ರಕ್ಕೆ ಅವರು ಅಣ್ಣತಮ್ಮಂದಿರಾಗಬೇಕೆಂದಿಲ್ಲ.

ಇನ್ನು ಮೇಜಿನ ಮೇಲೆ ಸುರಿದಿದ್ದ ರಾಶಿಗೆ ಹಿಂದಿರುಗೋಣ. ಹೊಸಬರು ಮೊದಲು ಬಣ್ಣ ನೋಡಿ, ಗಾತ್ರ ನೋಡಿ ಗುಂಪು ಮಾಡುತ್ತಾರೆ. ಎರಡೂ ನೆಚ್ಚತಕ್ಕವಲ್ಲ. ಬಣ್ಣವು ಹಲ್ಲು ಹುದುಗಿದ್ದ ಮಣ್ಣಿನ ಖನಿಜಗಳದ್ದು. ಒಂದೇ ಮೀನಿನ ಹಲ್ಲು ಒಂದು ಕಡೆ ಕಪ್ಪಾಗಿಯೂ ಇನ್ನೊಂದು ಕಡೆ ಹಳದಿಯಾಗಿಯೂ ಇರಬಹುದು. ಗಾತ್ರವೋ ಮರಿಯಲ್ಲಿ ಒಂದು, ಬೆಳೆದುದರಲ್ಲಿ ಇನ್ನೊಂದು. ಬಲ್ಲವರು ಹಲ್ಲನ್ನು ಬೇರು ಮೇಲಾಗಿಯೋ ಕೆಳಗಾಗಿಯೋ ಹಿಡಿದು, ಉಬ್ಬಿದ ಮುಖ ಯಾವುದು, ಚಪ್ಪಟೆಯಾದುದು ಯಾವುದು ಎಂದು ಮೊದಲು ನೋಡುತ್ತಾರೆ. ಸಾಮಾನ್ಯವಾಗಿ ಉಬ್ಬಿದ್ದು ನಾಲಿಗೆಯ ಕಡೆಗೂ ಚಪ್ಪಟೆಯಾದುದು ತುಟಿಯ ಕಡೆಗೂ ಇದ್ದ ಮುಖ. ಆಮೇಲೆ ತುದಿಯು ಯಾವ ಕಡೆಗೆ ವಾಲಿದೆ, ಬೇರಿನ ಕವಲುಗಳು ಎಷ್ಟು ಅಗಲ, ಮುಖ್ಯವಾದ ಮೊನೆಯ ಪಕ್ಕದಲ್ಲಿ ಚಿಕ್ಕ ಮೊನೆಗಳಿವೆಯೆ, ಅಂಚು ನುಣುಪೋ ಗರಗಸವೋ ಎಂಬುದನ್ನು ಭೂತಗನ್ನಡಿಯಿಂದ ಪರೀಕ್ಷಿಸುತ್ತಾರೆ. ಹೀಗೆ ಹೋದರೆ ಮೊರಾಕೋದ ಚೀಲದಿಂದ ದಪ್ಪನಾದ ಬೇರೂ ನುಣುಪಾದ ಅಂಚೂ ಪಕ್ಕದಲ್ಲೊಂದೊಂದು ಮೊನೆಯೂ ಉಳ್ಳ ಓಟೋಡಸ್ ಹೊರಬರುತ್ತದೆ. ಒಳಮುಖದಲ್ಲಿ ಸೂಕ್ಷ್ಮವಾದ ಗೆರೆಗಳುಳ್ಳ ದಬ್ಬಳದಂಥ ಸ್ಟ್ರಿಯಾಟೊಲಾಮಿಯಾ ಹೊರಬರುತ್ತದೆ. ಗಿಡ್ಡಾಗಿ ಅಗಲವಾಗಿ ಹಿಂದಕ್ಕೆ ಬಾಗಿ, ಅಂಚಿಗೆಲ್ಲ ಸಣ್ಣ ಗರಗಸವಿರುವ ಸ್ಕ್ವಾಲಿಕೊರ್ಯಾಕ್ಸ್ ಹೊರಬರುತ್ತದೆ. ಬೇರು ಮುರಿದು ತುದಿ ಮಾತ್ರ ಉಳಿದ ಚೂರುಗಳನ್ನು ಹೆಸರಿಲ್ಲದೆ ಪಕ್ಕಕ್ಕಿಡುವುದೇ ಲೇಸು. ಹೆಸರಿಡಲಾರದುದನ್ನು ಹೆಸರಿಲ್ಲದೆ ಬಿಡುವುದೂ ವಿದ್ಯೆಯ ಒಂದು ಭಾಗ.

ಆದರೆ ಇಲ್ಲಿ ಒಂದು ದುಃಖದ ಮಾತಿದೆ. ಸ್ಕ್ವಾಲಿಕೊರ್ಯಾಕ್ಸ್ ವಂಶವು ಆರು ಕೋಟಿ ಅರವತ್ತು ಲಕ್ಷ ವರ್ಷಗಳ ಹಿಂದೆ, ಡೈನೋಸಾರುಗಳ ಕಾಲವು ಮುಗಿಯುವಾಗ ಅಳಿಯಿತು. ಚೀಲದಲ್ಲಿ ಅದರ ನೆರೆಯಲ್ಲಿಯೇ ಇರುವ ಆ ಓಟೋಡಸ್ ಬದುಕಿದ್ದು ಅದಾದ ಮೇಲೆ. ಜೀವಂತವಾಗಿ ಎಂದೂ ಒಂದನ್ನೊಂದು ಕಾಣದ ಮೀನುಗಳು ಒಂದೇ ಚೀಲದಲ್ಲಿವೆ. ಖುರಿಬ್ಗಾದ ಪದರಗಳು ಎರಡು ಕೋಟಿ ವರ್ಷಗಳಿಗೂ ಮೀರಿದ ಕಾಲವನ್ನು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಇರಿಸಿಕೊಂಡಿವೆ. ಕಾಮಿಲ್ ಅರಾಂಬೂರ್ ಎಂಬ ಫ್ರೆಂಚ್ ವಿದ್ವಾಂಸನು ೧೯೫೨ರಲ್ಲಿ ಆ ಪ್ರಾಂತದ ಅವಶೇಷಗಳನ್ನು ಪದರವಾರಾಗಿ ವರ್ಣಿಸಿದನು. ತೂಕಕ್ಕೆ ಮಾರುವವನು ಆ ಪುಸ್ತಕದ ಅಕ್ಷರಗಳನ್ನು ಕಿತ್ತು ಚೀಲಕ್ಕೆ ತುಂಬುತ್ತಾನೆ. ಅಕ್ಷರಗಳು ದೊರೆತರೂ ವಾಕ್ಯವು ಹೋಯಿತು. ಯಾವ ಮೀನು ಎಂಬುದನ್ನು ಹಲ್ಲೇ ಹೇಳೀತು; ಯಾವ ಪದರ, ಜೊತೆಯಲ್ಲಿ ಇನ್ನಾರಿದ್ದರು ಎಂಬುದನ್ನು ಅಗೆದವನ ಕೈಬರಹದ ಒಂದು ಚೀಟಿ ಮಾತ್ರ ಹೇಳಬಲ್ಲುದು.

ಚೀಟಿಯಿಲ್ಲದ ಹಲ್ಲು ಎಂಥ ಭ್ರಮೆಯನ್ನು ಹುಟ್ಟಿಸಬಲ್ಲುದೆಂಬುದಕ್ಕೆ ಒಂದು ನಿದರ್ಶನ. ೧೮೭೨ರಿಂದ ೧೮೭೬ರವರೆಗೆ ಸಾಗರಗಳನ್ನು ಶೋಧಿಸಿದ ಚಾಲೆಂಜರ್ ಎಂಬ ಬ್ರಿಟಿಷ್ ಹಡಗು ಪೆಸಿಫಿಕ್ ಸಾಗರದ ಆಳದಿಂದ ಮೆಗಲೋಡಾನಿನ ಹಲ್ಲುಗಳನ್ನು ಮೇಲೆತ್ತಿತು. ಅವುಗಳ ಮೇಲೆ ಮ್ಯಾಂಗನೀಸಿನ ಹೊದಿಕೆಯಿತ್ತು. ಯಾವ ಪದರದವೆಂದು ತಿಳಿಯುವ ಮಾರ್ಗವಿರಲಿಲ್ಲ. ೧೯೫೯ರಲ್ಲಿ ಒಬ್ಬ ವಿದ್ವಾಂಸರು ಹೊದಿಕೆಯ ದಪ್ಪವನ್ನು ಅಳೆದು, ಅದು ಇಂತಿಷ್ಟು ವೇಗದಲ್ಲಿ ಬೆಳೆಯುತ್ತದೆಂದು ಇಟ್ಟುಕೊಂಡು, ಒಂದು ಹಲ್ಲಿಗೆ ಸುಮಾರು ಹನ್ನೊಂದು ಸಾವಿರ ವರ್ಷವೆಂದು ಲೆಕ್ಕ ಹಾಕಿದರು. ಹಾಗಾದರೆ ಆ ಮಹಾಶಾರ್ಕ್ ಇನ್ನೂ ಬದುಕಿರಬಹುದಲ್ಲವೆ ಎಂಬ ಕಥೆಯು ಲೋಕದಲ್ಲಿ ಹಬ್ಬಿತು. ಆ ಹೊದಿಕೆಯು ಎಲ್ಲೆಡೆಯಲ್ಲಿಯೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲವಾದುದರಿಂದ ಲೆಕ್ಕವು ನಿಲ್ಲಲಿಲ್ಲ. ಕಾಲವು ಖಚಿತವಾಗಿ ಗೊತ್ತಾದ ಪದರಗಳಲ್ಲಿ ದೊರೆತ ಹಲ್ಲುಗಳು ಹೇಳುವಂತೆ, ಮೆಗಲೋಡಾನ್ ಸುಮಾರು ಮೂವತ್ತಾರು ಲಕ್ಷ ವರ್ಷಗಳ ಹಿಂದೆಯೇ ಅಳಿಯಿತು. ಆದರೂ ಕಥೆಯು ಇನ್ನೂ ಅಳಿದಿಲ್ಲ.

ಈ ವಿಚಾರವು ಭರತಖಂಡಕ್ಕೆ ಹೊರಗಿನದೇನೂ ಅಲ್ಲ. ಕೇ ಮತ್ತು ಕನ್ಲಿಫ್ ಎಂಬವರು ಪಾಂಡಿಚೇರಿಯ ಬಳಿಯ ಪದರಗಳಲ್ಲಿ ಸಂಗ್ರಹಿಸಿದ ಮೀನಿನ ಅವಶೇಷಗಳನ್ನು ೧೮೪೫ರಲ್ಲಿ ಸರ್ ಫಿಲಿಪ್ ಎಜರ್ಟನ್ ವರ್ಣಿಸಿದನು. ಅಗಾಸಿಸನಿಗೆ ತನ್ನ ಸಂಗ್ರಹವನ್ನು ತೆರೆದು ತೋರಿಸಿದ್ದವನೂ ಇವನೇ. ಒಡಿಶಾದ ಮಯೂರ್‌ಭಂಜ್ ಪ್ರಾಂತದ ಬಾರಿಪದ ಪಟ್ಟಣದ ಬಳಿ ಹಳೆಯ ಸಮುದ್ರದ ಪದರಗಳಿವೆ. ಮೇಲೆ ಹೇಳಿದ ಹೆಮಿಪ್ರಿಸ್ಟಿಸ್ ಕುಲದ ಹಲ್ಲುಗಳು ಅಲ್ಲಿ ದೊರೆತಿವೆ. ಹಳೆಯ ಮೈಸೂರು ಸೀಮೆಯ ಬಂಡೆಗಳಲ್ಲಿ ಮಾತ್ರ ಅವುಗಳನ್ನು ಹುಡುಕಿ ಫಲವಿಲ್ಲ. ನಮ್ಮ ಬೆಟ್ಟಗಳ ಕಲ್ಲಿಗೆ ಬಹುಮಟ್ಟಿಗೆ ಇನ್ನೂರೈವತ್ತು ಕೋಟಿ ವರ್ಷಗಳಿಗೆ ಮೀರಿದ ವಯಸ್ಸು. ಶಾರ್ಕುಗಳ ವಂಶವು ಮೊದಲಾದುದು ನಲವತ್ತು ಕೋಟಿ ವರ್ಷಗಳಿಂದೀಚೆಗೆ ಎನ್ನಬಹುದು. ಸ್ಟೀನೋ ಹೇಳಿದ ಪದರಗಳ ನಿಯಮವನ್ನು ಬಲ್ಲವನಿಗೆ ಎಲ್ಲಿ ಹುಡುಕಬೇಕೆಂಬಂತೆಯೇ ಎಲ್ಲಿ ಹುಡುಕಬಾರದೆಂಬುದೂ ತಿಳಿಯುತ್ತದೆ.

ಒಟ್ಟಿನಲ್ಲಿ ಈ ಚರಿತ್ರೆಯು ತಿಳಿಸುವುದೇನು? ಬಿಡಿಯಾದ ವಸ್ತುವನ್ನು ನೋಡಿ ಬುದ್ಧಿಯು ತನಗೆ ಬೇಕಾದುದನ್ನು ಕಲ್ಪಿಸಿಕೊಳ್ಳುತ್ತದೆ. ಒಬ್ಬನಿಗೆ ಅದು ಆಕಾಶದ ಕಲ್ಲು, ಒಬ್ಬನಿಗೆ ಹಾವಿನ ನಾಲಿಗೆ, ಮಹಾಪಂಡಿತನಾದ ಅಗಾಸಿಸನಿಗೂ ಒಂದು ಮೀನು ನಾಲ್ಕಾಗಿ ಕಂಡಿತು. ತಿದ್ದುಪಡಿಯಾದಾಗಲೆಲ್ಲ ಅದು ಬಂದದ್ದು ಬಿಡಿಯಾದುದನ್ನು ಇಡಿಯಾದುದರ ಪಕ್ಕದಲ್ಲಿಟ್ಟು ನೋಡಿದುದರಿಂದ. ಹಲ್ಲಿನ ಪಕ್ಕದಲ್ಲಿ ಸ್ಟೀನೋ ತಲೆಯನ್ನಿಟ್ಟನು, ಈಸ್ಟ್‌ಮನ್ ದವಡೆಯನ್ನಿಟ್ಟನು, ಭೂಗರ್ಭಶಾಸ್ತ್ರಜ್ಞರು ಪದರವನ್ನಿಟ್ಟರು. ಆದುದರಿಂದ ನದಿಯ ದಡದಲ್ಲಿಯೋ ಸಮುದ್ರದ ತೀರದಲ್ಲಿಯೋ ಗಣಿಯ ಬಾಯಲ್ಲಿಯೋ ಅಪೂರ್ವವಾದ ವಸ್ತುವನ್ನು ಕಂಡವರು ಅದನ್ನು ಜೇಬಿಗೆ ಹಾಕುವ ಮೊದಲು ಸ್ಥಳವನ್ನೂ ದಿನವನ್ನೂ ಎಷ್ಟು ಆಳದಲ್ಲಿ ಇತ್ತೆಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಡಲಿ ಎಂಬುದೊಂದೇ ನಮ್ಮ ಪ್ರಾರ್ಥನೆ. ಹೆಸರನ್ನು ಮುಂದೆ ಬರುವ ತಜ್ಞರು ಕಂಡುಹಿಡಿದಾರು. ಎತ್ತಿಕೊಂಡ ಸ್ಥಳವನ್ನು ಎತ್ತಿದವರಲ್ಲದೆ ಇನ್ನಾರೂ ಹೇಳಲಾರರು.